ಸಿಂಹ ಇಳಿದ ಬಾವಿ

ಹೊಸಪೇಟೆಯ ವಿಭೂತಿ ಅಂಗಡಿಯ ಕೊಟ್ರಯ್ಯ ಕತೆ ಬರೆಯುತ್ತಿರಲಿಲ್ಲ. ದೇವಿ ಬರೆಸುತ್ತಿದ್ದಳು, ಅವನದು ಬರೀ ಕೈ. ಹಾಗಂತ ಅವನೇ ಊರೆಲ್ಲ ಹೇಳಿಕೊಂಡು ಬಂದಿದ್ದ. ಶುಕ್ರವಾರ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಹಣೆ ತುಂಬ ಭಸ್ಮ ಬಳಿದು, ಮಸಿಕುಡಿಕೆಗೆ ಮೂರು ಹನಿ ತೀರ್ಥ ಬಿಡದೆ ಲೆಕ್ಕಣಿಕೆ ಮುಟ್ಟುವವನಲ್ಲ. ಮಸಿ ತೆಳ್ಳಗಾಗಿ ಅಕ್ಷರ ಮಾಯವಾದರೆ, ದೇವಿ ಇವತ್ತು ಗುಪ್ತವಾಗಿ ನುಡಿದಳು ಎನ್ನುತ್ತಿದ್ದ. ಧಾರವಾಡದ ಪತ್ರಿಕೆಯವರಿಗೆ ಮಾತ್ರ ಆ ಗುಪ್ತ ತಿಳಿಯಲಿಲ್ಲ. ಹನ್ನೊಂದು ಕತೆ ಹೋದ ಹಾಗೇ ತಿರುಗಿ ಬಂದಿದ್ದವು.

ಹನ್ನೆರಡನೆಯದಕ್ಕೆ ಒಂದು ದಾರಿ ಸಿಕ್ಕಿತ್ತು. ಅಕ್ಕಿ ಗಿರಣಿಯ ದೊಡ್ಡಬಸಪ್ಪನವರ ಮಹಡಿಯಲ್ಲಿ ಗುರುವಾರ ಸಂಜೆ ಓದುಗರ ಕೂಟ ಸೇರುತ್ತಿತ್ತು. ಪತ್ರಿಕೆಯ ಸಂಪಾದಕರು ದೊಡ್ಡಬಸಪ್ಪನವರಿಗೆ ಬೀಗರು. ಕೂಟ ಒಪ್ಪಿದರೆ ಶಿಫಾರಸು ಕಾಗದ, ಕಾಗದ ಹೋದರೆ ಅಚ್ಚು. ನಲವತ್ತು ದಾಟಿದ ಕೊಟ್ರಯ್ಯ ಸಾಯುವುದರೊಳಗೆ ಒಮ್ಮೆಯಾದರೂ ಸಾಹಿತಿ.

ಓದಿದ. ಕತೆಯಲ್ಲಿ ಹರಿಜನ ಕೇರಿಯ ಬಡ ಹೆಂಗಸೊಬ್ಬಳು ನಡುಮಧ್ಯಾಹ್ನ ಊರ ಮೆಟ್ಟಿಲುಬಾವಿಗೆ ಇಳಿಯುತ್ತಾಳೆ. ಹದಿನೇಳನೆಯ ಮೆಟ್ಟಿಲ ಮೇಲೆ ಕೊಡ ಮುಳುಗಿಸುವಾಗ ನೀರು ಸೀಳಿ, ಸಿಂಹದ ಮೇಲೆ ಕುಳಿತು ದೇವಿ ಎದ್ದು ಬರುತ್ತಾಳೆ. ಹೆಂಗಸಿಗೆ ಅಲ್ಲೇ ಮೋಕ್ಷ.

ಖಾದಿ ತೊಟ್ಟ ಹನ್ನೆರಡು ಮಂದಿ ಕಣ್ಣೊರೆಸಿಕೊಂಡರು. ಹರಿಜನೋದ್ಧಾರದ ಬಗ್ಗೆ ಹೋದ ತಿಂಗಳಷ್ಟೇ ಠರಾವು ಪಾಸು ಮಾಡಿದ ಮಂದಿ.

"ಒಂದು ಸಂಶಯ," ಎಂದ ಬಟ್ಟೆ ಅಂಗಡಿಯ ಹುಲುಗಪ್ಪ. "ಸಿಂಹ ಬಾವ್ಯಾಗ ಹೆಂಗ ಇಳೀತ್ರೀ? ಮೆಟ್ಲ ಭಾಳ ಜಾರತಾವ."

"ದೇವೀ ಸಿಂಹ ಅದು, ಜಾರಂಗಿಲ್ಲ," ದೊಡ್ಡಬಸಪ್ಪನವರು ತೀರ್ಪು ಕೊಟ್ಟರು. "ಆದ್ರ ದೇವಿ ಸೀರಿ ಹಸರು ಮಾಡ್ರಿ. ಕೆಂಪು ಬ್ಯಾಡ."

ಸೀರೆಯ ಚರ್ಚೆ ಅರ್ಧ ತಾಸು ನಡೆಯಿತು. ಅಷ್ಟರಲ್ಲಿ ಕಿಟಕಿಯ ಕೆಳಗೆ ಯಾರೋ ಕಿಸಕ್ಕನೆ ನಕ್ಕರು. ಗಿರಣಿಯ ಅಂಗಳದಲ್ಲಿ ಹೊಟ್ಟು ಗುಡಿಸುವ, ಅದೇ ಕೇರಿಯ ಭರಮಮ್ಮ. ಅದು ಬಿಕ್ಕಿದ ಸದ್ದೆಂದೇ ತಿಳಿದ ಕೊಟ್ರಯ್ಯ, ಮೆಚ್ಚುಗೆ ಕೇಳಲು ಇಳಿದು ಹೋದ.

"ದೇವಿ ಬಂದದ್ದು ಕೇಳಿ ಜೀವ ತುಂಬಿ ಬಂತೇನಬೇ?"

"ತಪ್ಪಾತ್ರಿ ಸ್ವಾಮೇರ, ನಗಿ ಬಂತು. ದೇವಿಗಲ್ಲ, ನಮ್ಮಾಕಿ ಬಾವಿ ಇಳದಿದ್ದಕ್ಕ. ಯಾರು ಬಿಟ್ರು ಆಕಿನ್ನ? ನಾವು ಮ್ಯಾಲೇ ಕೊಡ ಇಟಗೊಂಡು ನಿಂದ್ರತೀವಿ. ಯಾರಿಗಾರ ಮನಸಾದ್ರ ಒಂದು ಬಿಂದಿಗಿ ಹಾಕ್ತಾರ. ನಿಮ್ಮನಿ ಮರುಳಸಿದ್ದಮ್ಮಾರೂ ಹಾಕ್ತಾರ್ರಿ, ಒಳ್ಳೇ ಮನಸು. ಶುಕ್ರವಾರೊಂದು ಹಾಕಂಗಿಲ್ಲ. ದೇವೀ ವಾರ, ಮಡಿ."

ಎಂಟು ಕೈ, ಸಿಂಹ, ಸೀಳುವ ನೀರು ಎಲ್ಲವನ್ನೂ ಕಂಡ ಕೊಟ್ರಯ್ಯನಿಗೆ, ದಿನಾ ಹಾದುಹೋಗುವ ಬಾವಿಯ ದಂಡೆಯಲ್ಲಿ ನಿಂತ ಕೊಡಗಳು ಕಂಡಿರಲಿಲ್ಲ. ದಿವ್ಯದೃಷ್ಟಿಯೆಂದರೆ ಹಾಗೇ, ಹತ್ತಿರದ್ದು ಕಾಣಿಸುವುದಿಲ್ಲ.

ಮರುದಿನ ಶುಕ್ರವಾರ. ಅವನು ಪೂಜೆ ಬಿಟ್ಟು ಬಾವಿಯ ಬೇವಿನಡಿ ಕುಳಿತ. ಆರು ಕೊಡ ನಿಂತಿದ್ದವು. ಅವನ ಹೆಂಡತಿ ಮರುಳಸಿದ್ದಮ್ಮ ಒದ್ದೆ ಸೀರೆಯಲ್ಲಿ ಬಂದಳು, ಇಳಿದಳು, ತುಂಬಿಕೊಂಡಳು, ಸೆರಗು ಸೋಕದ ಹಾಗೆ ಬಳಸಿಕೊಂಡು ಹೋದಳು. ಅದೇ ಬಿಂದಿಗೆಯಿಂದಲೇ ಅವನ ದೇವಿಗೆ ಅಭಿಷೇಕ, ಅದರಿಂದಲೇ ಮಸಿಗೆ ಮೂರು ಹನಿ. ನೆತ್ತಿಗೆ ಬಿಸಿಲು ಬಂದರೂ ಆರೂ ಕೊಡ ಒಣಗಿಯೇ ಇದ್ದವು.

ಅಂದು ಸ್ನಾನವಿಲ್ಲದೆ, ತೀರ್ಥವಿಲ್ಲದೆ ಕಪ್ಪು ಮಸಿಯಲ್ಲಿ ಬರೆದ. ದೇವಿ ತನ್ನದೇ ವಾರ, ಹರಕು ಸೀರೆಯುಟ್ಟು, ಏಳನೆಯ ಕೊಡ ಇಟ್ಟುಕೊಂಡು ದಂಡೆಯಲ್ಲಿ ನಿಲ್ಲುತ್ತಾಳೆ. ಅವಳ ಪೂಜೆಗೆಂದು ಊರೆಲ್ಲ ನೀರು ಒಯ್ಯುತ್ತದೆ. ಅವಳಿಗೆ ಗುಟುಕು ಹಾಕುವವರಿಲ್ಲ.

ಮುಂದಿನ ಗುರುವಾರ ಕೂಟದಲ್ಲಿ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ.

"ದೇವಿಗೆ ನೀರಡಿಕಿ ಆಗತದೇನಲೇ?" ದೊಡ್ಡಬಸಪ್ಪನವರ ಬಾಯಲ್ಲಿ ಅಯ್ಯನವರಾಗಿದ್ದ ಕೊಟ್ರಯ್ಯ ಅಷ್ಟರಲ್ಲೇ 'ಲೇ' ಆಗಿದ್ದ. "ಇದು ದೈವನಿಂದೆ!"

"ಬಾವ್ಯಾಗ ಸಿಂಹ ಇಳದ್ರ ನಡೀತದ. ನೀರಡಿಕಿ ಆದ್ರ ನಿಂದೆ ಏನ್ರೀ?" ಎಂದ ಕೊಟ್ರಯ್ಯ.

"ನೋಡಲೇ, ಕಾಗದ ಬರದಿಟ್ಟೀನಿ." ಅವರು ಲಕೋಟೆ ಎತ್ತಿ ತೋರಿಸಿದರು. "ಹಳೇದು ಕೊಟ್ರ ನಾಳೆ ಟಪಾಲಿಗೆ. ಇದು ಕೊಟ್ರ ಒಲಿಗೆ."

ಕೊಟ್ರಯ್ಯ ಲಕೋಟೆಯನ್ನೇ ನೋಡಿದ. ಆಮೇಲೆ ಹಳೆಯ ಕತೆಯನ್ನು ನಾಲ್ಕು ಚೂರು ಮಾಡಿ ಜಮಖಾನದ ಮೇಲಿಟ್ಟು, ಹೊಸದನ್ನು ಮಡಚಿಕೊಂಡು ಮೆಟ್ಟಿಲಿಳಿದ. ಹನ್ನೆರಡು ಮಂದಿಯ ಎದುರು ಗೆದ್ದು ಬಂದ ವೀರನಂತೆ, ಅಂಗಳದಲ್ಲಿ ಭರಮಮ್ಮನಿಗೆ ಗಟ್ಟಿಯಾಗಿ ಓದಿದ.

ಅವಳು ಕಸಬರಿಗೆ ಊರಿಕೊಂಡು ಕೊನೆತನಕ ಕೇಳಿದಳು.

"ಖರೇ ಐತ್ರಿ. ಆದ್ರ ಇದನ್ನ ನನಗ್ಯಾಕ ಓದತೀರಿ, ನಾ ನಿಂತು ನಿಂತು ಬಲ್ಲೆ. ನಾಳೆ ಶುಕ್ರವಾರ. ನಿಮ್ಮನ್ಯಾಗ, ಅಮ್ಮಾರ ಮುಂದ ಓದ್ರಿ ಸ್ವಾಮೇರ."

ದೈವನಿಂದೆಗೂ ಹೆದರದೆ ಬಂದ ಕೊಟ್ರಯ್ಯನ ಬಾಯಿ, ಆಗ ಒಣಗಿತು.