ಬಾಗಿಲಕಲ್ಲು

"ಗುಡ್ಡದ ಕಡೆ ಮುಖ ಮಾಡಿ ಕೂಡಿಸ್ರಿ ಅಯ್ನೋರೆ," ಎನ್ನುತ್ತ ಉಜ್ಜನಪ್ಪ ಗುದ್ದಲಿಗೆ ಅಡ್ಡ ನಿಂತರು. ಆನಗೋಡಿನಾಚೆ, ಕೋಟೆಗುಡ್ಡದ ಬುಡದ ಅವರ ಹೊಲದಲ್ಲಿ ಹೆಂಡತಿ ನಿರ್ಮಲಮ್ಮನಿಗೆ ಆಳುಗಳು ಸಮಾಧಿ ತೋಡುತ್ತಿದ್ದರು.

"ಉತ್ತರಕ್ಕೆ ಕೂಡಿಸೋದು ನಿಮ್ಮ ಮನೆ ಪದ್ಧತಿ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಹಾಲಸ್ವಾಮಿ. "ಈಗ್ಯಾಕ ಬದಲು?"

"ಪ್ರತಿ ವರ್ಷ ಗುಡ್ಡಕ್ಕೆ ಬಂದ್ಲು, ಒಂದ್ಸಲನೂ ತುದಿ ಕಾಣ್ಲಿಲ್ಲ. ಈಗಾರ ನೋಡ್ಲಿ."

ತಂದಿದ್ದ ಬಿಲ್ವಪತ್ರೆ ಪೂಜೆಗೆ ಸಾಲುವಂತಿರಲಿಲ್ಲ. ಮರ ಇದ್ದದ್ದು ಗುಡ್ಡದ ತುದಿಯ ಪಾಳುಗುಡಿಯ ಪಕ್ಕ. ಮಗಳು ರಶ್ಮಿತಾ ಎದ್ದಳು. ಉಜ್ಜನಪ್ಪನೂ ಕೋಲೂರಿ ಹಿಂದೆಯೇ ಹೊರಟರು.

"ಮಂಡಿನೋವೈತೆ, ಬ್ಯಾಡ ಅಪ್ಪಾಜಿ."

"ಕೋಟೆ ಬಾಗಿಲತನಕ ಬರ್ತೀನಿ, ನಡಿ."

*

ಪ್ರತಿ ವರ್ಷ ಶ್ರಾವಣದಲ್ಲೊಂದು ದಿನ ಮಂಡಿಪೇಟೆಯ ಅಂಗಡಿ ಮುಚ್ಚಿ ಮನೆಮಂದಿಯೆಲ್ಲ ಗುಡ್ಡ ಹತ್ತುತ್ತಿದ್ದರು. ಕೋಟೆಯ ಮುರಿದ ಹೆಬ್ಬಾಗಿಲಿನಿಂದಾಚೆ ಬರಿಗಾಲು. ಅಲ್ಲಿಗೆ ಬಂದೊಡನೆ ನಿರ್ಮಲಮ್ಮ ಉರುಳಿಬಿದ್ದ ಬಾಗಿಲಕಲ್ಲಿನ ಮೇಲೆ ಕೂತುಬಿಡುತ್ತಿದ್ದರು.

"ನೀವು ಹೋಗ್ಬರ್ರಿ. ಚಪ್ಪಲಿ ಕಾಯ್ತೀನಿ."

"ಈ ಹಳೇ ಚಪ್ಪಲಿ ಯಾರು ಒಯ್ತಾರೆ? ಮ್ಯಾಲಿಂದ ಇಡೀ ದಾವಣಗೆರೆ ಕಾಣ್ತೈತೆ. ಇಲ್ಲಿ ಕೂತ್ರೆ ನಿಂಗೇನ್ ಕಾಣ್ತೈತೆ?"

"ನೀವು ಕಾಣ್ತೀರಲ್ಲ."

"ಮನ್ಯಾಗೆ ಕಂಡಿದ್ದು ಸಾಲ್ದಾ!" ಎಂದು ನಗುತ್ತ ಹತ್ತಿದ್ದರು ಉಜ್ಜನಪ್ಪ. ತಿರುಗಿ ನೋಡಿರಲಿಲ್ಲ.

*

ರಶ್ಮಿತಾ ಚಪ್ಪಲಿ ಬಿಟ್ಟು ಮೇಲೆ ಹೋದಳು. ಉಜ್ಜನಪ್ಪ ಆ ಕಲ್ಲಿನ ಮೇಲೆ ಕೂತರು. ಏನೂ ತೋಚದೆ ಮಗಳ ಚಪ್ಪಲಿಯನ್ನು ಮಡಿಲಿಗೆ ಎಳೆದುಕೊಂಡು ಕತ್ತೆತ್ತಿದರು.

ಕುಸಿದ ಗೋಡೆಗಳ ಸಂದಿಯಲ್ಲಿ ಮಗಳು ಕಂಡಳು, ಮರೆಯಾದಳು, ಇನ್ನೂ ಚಿಕ್ಕದಾಗಿ ಮತ್ತೆ ಕಂಡಳು. ಆಮೇಲೆ ಬರೀ ಬಂಡೆ, ಹುಲ್ಲು, ಆಕಾಶ. ಕಡೆಗೆ ಪಾಳುಗುಡಿಯಲ್ಲಿ ಉಳಿದಿದ್ದ ಎರಡು ಕಂಬಗಳ ನಡುವೆ ಬಂದು ನಿಂತಳು. ಸೆರಗು ಗಾಳಿಗೆ ಬಿಚ್ಚಿಕೊಂಡಿತು. ಆ ಬಂಡೆ, ಆ ಬುರುಜು, ಇಡೀ ಗುಡ್ಡ, ಎಲ್ಲವೂ ಸೇರಿ ಅವಳೊಬ್ಬಳನ್ನು ಅಂಗೈ ಮೇಲಿಟ್ಟು ಆಕಾಶಕ್ಕೆ ತೋರಿಸುತ್ತಿದ್ದವು. ಅವಳು ಕೊಂಬೆಗೆ ಕೈ ಚಾಚಿದಳು. ಉಜ್ಜನಪ್ಪನಿಗೆ ಉಸಿರಾಡುವುದೇ ಮರೆತುಹೋಯಿತು.

ಆ ಕಂಬಗಳ ನಡುವೆ ನಿಂತು ಅವರೂ ಎಷ್ಟೋ ಸಲ ಊರಿನ ಗಿರಣಿಯ ಚಿಮಣಿ ಹುಡುಕಿದ್ದರು. ಆಗೆಲ್ಲ ಗುಡ್ಡ ಅವರ ಕಾಲ ಕೆಳಗಿತ್ತು, ಕಣ್ಣೆದುರಿಗಲ್ಲ.

*

"ಉತ್ತರಕ್ಕೇ ಕೂಡಿಸ್ರಿ ಅಯ್ನೋರೆ," ಎಂದರು ಇಳಿದು ಬಂದು. "ಆಕಿ ನೋಡ್ಯಾಳ."

ನಿರ್ಮಲಮ್ಮನನ್ನು ಕೂಡಿಸಿದರು. ಬರಿಗಾಲಲ್ಲೇ ಇಳಿದು ಬಂದಿದ್ದ ರಶ್ಮಿತಾ ಅಪ್ಪನ ಬಲಗೈಗೆ ಪತ್ರೆ ಕೊಟ್ಟಳು. ಎಡಗೈಯಲ್ಲಿದ್ದುದನ್ನು ಎಲ್ಲರೂ ಗಮನಿಸಿದ್ದು ಆಗಲೇ. ಪಕ್ಕದ ಹೊಲದ ಚೌಡವ್ವ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಚಪ್ಪಲಿ ಕೆಳಗಿಡ್ರಿ ಸಾವ್ಕಾರ್ರೆ. ಯಾರು ಒಯ್ತಾರೆ?"

ಉಜ್ಜನಪ್ಪ ಅವನ್ನು ಎದೆಗೆ ಇನ್ನಷ್ಟು ಅವುಚಿಕೊಂಡು, ಪತ್ರೆ ಹಾಕಲು ಬಾಗಿದರು.