ಸೆಲ್ಲು ಬೀವಿಯ ಹದಿನೆಂಟು ನಿಮಿಷ

ಸೀತಾಂಗೋಳಿ ಜಂಕ್ಷನ್ನಿನಿಂದ ಕುಂಬಳೆಯ ಕಡೆಗೆ ಇಳಿಯುವ ದಾರಿಯಲ್ಲಿ, ಸಿಮೆಂಟು ಇಟ್ಟಿಗೆ ಮಾಡುವ ಶೆಡ್ಡಿನ ಹಿಂದೆ ಬೀವಿಯ ಮನೆ. ಲೋಕದಲ್ಲಿ ಹಾವಿಗೆ ಹೆದರುವವರಿದ್ದಾರೆ, ಗುಡುಗಿಗೆ ಹೆದರುವವರಿದ್ದಾರೆ, ಅತ್ತೆಗೆ ಹೆದರುವವರಂತೂ ಮನೆಗೊಬ್ಬರು ಸಿಗುತ್ತಾರೆ. ಬೀವಿ ಹೆದರುತ್ತಿದ್ದದ್ದು ಬೆರಳುದ್ದದ ಬ್ಯಾಟರಿ ಸೆಲ್ಲುಗಳಿಗೆ. ಸೆಲ್ಲು ಸೋರುತ್ತದೆ, ಸೋರಿದ್ದು ಒಳಗಿನ ತಂತಿಯನ್ನು ತಿನ್ನುತ್ತದೆ, ಆಮೇಲೆ ಯಾರು ತಲೆಕೆಳಗಾಗಿ ನಿಂತರೂ ಆ ಸಾಮಾನು ಬದುಕುವುದಿಲ್ಲ ಎಂದು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಜನ ಸುಮ್ಮನಿರುತ್ತಾರೆಯೇ? ಸೆಲ್ಲು ಬೀವಿ ಎಂದು ಹೆಸರಿಟ್ಟರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳ ಮನೆಯಲ್ಲಿ ಅದಕ್ಕೊಂದು ಕಾನೂನೇ ಇತ್ತು. ಮಲಗುವ ಮೊದಲು ಟಿವಿಯ ರಿಮೋಟಿನಿಂದ ಸೆಲ್ಲು ಹೊರಗೆ ಬರಬೇಕು. ಮನೆ ಬಿಟ್ಟು ಒಂದು ರಾತ್ರಿಗೆ ಹೋಗುವುದಾದರೂ ಗಡಿಯಾರ, ಟಾರ್ಚು, ಸೊಳ್ಳೆ ಬ್ಯಾಟು, ಎಲ್ಲದರ ಹೊಟ್ಟೆ ಖಾಲಿ ಮಾಡಿ, ತೆಗೆದ ಸೆಲ್ಲನ್ನು ಕಾಗದದಲ್ಲಿ ಸುತ್ತಿ ಹೆಸರು ಬರೆದಿಡಬೇಕು. ಮುಗಿದ ಸೆಲ್ಲಿಗೆ ಮನೆಯೊಳಗೆ ಜಾಗವಿಲ್ಲ. ಅದು ಹಿತ್ತಿಲ ಬಚ್ಚಲಿನ ಗೋಡೆಯ ಮೇಲಿದ್ದ ಖಾಲಿ ತುಪ್ಪದ ಡಬ್ಬಿಗೆ. ಅದನ್ನೂ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿಕೊಳ್ಳಬೇಕು, ಆಮೇಲೆ ಸಾಬೂನು ಹಾಕಿ ಕೈ ತೊಳೆಯಬೇಕು. ಎರಡು ವರ್ಷದ ಹಿಂದೆ ಮದುವೆಯಾಗಿ ಉಪ್ಪಳದಿಂದ ಬಂದ ಸೊಸೆ ರಿಫಾನಾ ಮೊದಲ ವಾರ ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಿದ್ದಳು. ಆದರೆ ಹುಡುಗಿ ಒಳ್ಳೆಯವಳು. ತಿಂಗಳೊಳಗೆ ಆ ಕಾನೂನನ್ನು ಅತ್ತೆಗಿಂತ ಚೆನ್ನಾಗಿ ಪಾಲಿಸತೊಡಗಿದಳು. ಮಗ ಜಂಶೀರ್ ಮಾತ್ರ ಬೇಕರಿಯ ಪಿಕಪ್ ಓಡಿಸಿ ಸುಸ್ತಾಗಿ ಬಂದು, ರಿಮೋಟು ಒತ್ತಿ ಒತ್ತಿ, "ಇದರ ಸೆಲ್ಲು ಇವತ್ತು ಯಾವ ಊರಿಗೆ ಹೋಗಿದೆ ಮಾರಾಯ್ತಿ?" ಎಂದು ಹೆಂಡತಿಯನ್ನು ಕೇಳುತ್ತಿದ್ದ.

ಬೀವಿಯ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅವಳ ಗಂಡ ಮಮ್ಮಾಲಿ ಗಲ್ಫಿನಲ್ಲಿದ್ದವನು. ಎರಡು ಸಲ ರಜೆಗೆ ಬಂದಾಗ ಒಂದು ಉದ್ದ ಟಾರ್ಚು, ಒಂದು ರೇಡಿಯೋ, ಒಂದು ಅಂಗೈಯಗಲದ ಕ್ಯಾಲ್ಕುಲೇಟರು ತಂದಿದ್ದ. ಮೂರನೆಯ ಸಲ ಅವನು ಬರಲಿಲ್ಲ, ಸುದ್ದಿ ಬಂತು. ರಾತ್ರಿ ಉಂಡು ಮಲಗಿದವನು ಬೆಳಗ್ಗೆ ಏಳಲಿಲ್ಲವಂತೆ. ಅಲ್ಲೇ ಮಣ್ಣು ಮಾಡಿದರು. ಆಗ ಜಂಶೀರ್ ಒಂದು ವರ್ಷದ ಮಗು. ಗಂಡ ಮುಟ್ಟಿದ ಸಾಮಾನು ಎಂದು ಬೀವಿ ಅವನ್ನೆಲ್ಲ ಸೀರೆಗಳ ನಡುವೆ ಸುತ್ತಿಟ್ಟಳು. ವರ್ಷ ಕಳೆದು ತೆಗೆದು ನೋಡುತ್ತಾಳೆ, ಟಾರ್ಚಿನ ಹೊಟ್ಟೆಯಲ್ಲಿ ಬಿಳಿ ಪುಡಿ. ಸೆಲ್ಲು ಊದಿ ಒಡೆದಿತ್ತು, ಸ್ಪ್ರಿಂಗು ತುಂಡಾಗಿತ್ತು. ರೇಡಿಯೋ ಹಾಗೆಯೇ ಹೋಯಿತು. ಮರುವರ್ಷ ಕ್ಯಾಲ್ಕುಲೇಟರು ಹೋಯಿತು. ಗಂಡನನ್ನು ಒಂದೊಂದು ತುತ್ತಾಗಿ ಯಾರೋ ತಿನ್ನುತ್ತಿದ್ದಾರೆ ಎಂದು ಅವಳಿಗೆ ಅನಿಸಿತು.

ಉಳಿದದ್ದು ಒಂದೇ, ರೆಕಾರ್ಡರು.

ಆ ಕಾಲದಲ್ಲಿ ಗಲ್ಫಿನಿಂದ ಕಾಗದದ ಬದಲು ಕ್ಯಾಸೆಟ್ ಬರುತ್ತಿತ್ತು. ಅಲ್ಲಿ ಕೂತು ಮಾತಾಡಿ, ರಜೆಗೆ ಬರುವವರ ಕೈಯಲ್ಲಿ ಕಳಿಸುವುದು. ಇಲ್ಲಿ ಮನೆಯವರೆಲ್ಲ ಸುತ್ತ ಕೂತು ಕೇಳುವುದು. ಮಮ್ಮಾಲಿಗೆ ಆ ಊರ ಮಂದಿಯ ಮುಂದೆ ಹೆಂಡತಿಗೆ ಹೇಳಬೇಕಾದದ್ದನ್ನು ಹೇಳಲಾಗುತ್ತಿರಲಿಲ್ಲ. ಅದಕ್ಕೇ ಸಾಯುವ ಎರಡು ತಿಂಗಳ ಮೊದಲು, ಕ್ಯಾಸೆಟ್ಟೇ ಬೇಡದ, ಕಿವಿಗೆ ಹಿಡಿದು ಒಬ್ಬಳೇ ಕೇಳಬಹುದಾದ ಪುಟ್ಟ ಮೆಷಿನ್ನಿನಲ್ಲಿ ಹದಿನೆಂಟು ನಿಮಿಷ ಮಾತಾಡಿ ಕಳಿಸಿದ್ದ. ಮೊದಲ ಮಾತೇ ಎಚ್ಚರಿಕೆಯದ್ದು: "ಬೀವೀ, ಕೇಳ್ತಾ ಉಂಟಾ? ಇದರ ಸೆಲ್ಲು ಮುಗಿಯುವ ಮೊದಲೇ ಬದಲಿಸ್ಬೇಕು. ತೆಗ್ದು ಐದು ನಿಮಿಷದೊಳಗೆ ಹೊಸದು ಹಾಕ್ಬೇಕು. ಇಲ್ಲದಿದ್ರೆ ನಾನು ಹೇಳಿದ್ದೆಲ್ಲ ಅಳಿಸಿ ಹೋಗ್ತದೆ."

ನೋಡಿ ಅವಳ ಪಾಡು! ಸೆಲ್ಲು ಒಳಗೇ ಬಿಟ್ಟರೆ ಸೋರಿ ತಿನ್ನುತ್ತದೆ. ತೆಗೆದಿಟ್ಟರೆ ಗಂಡನ ಸ್ವರವೇ ಹೋಗುತ್ತದೆ. ಇಪ್ಪತ್ತೇಳು ವರ್ಷ ಅವಳು ಈ ಎರಡರ ನಡುವೆ ಜೀವ ಕೈಯಲ್ಲಿ ಹಿಡಿದು ಕಾಲ ಕಳೆದಳು. ತಿಂಗಳ ಮೊದಲ ಶುಕ್ರವಾರ ಗಂಡಸರು ಜುಮಾ ನಮಾಜಿಗೆ ಹೋದ ಹೊತ್ತಿಗೆ ಕೋಣೆಯ ಚಿಲಕ ಹಾಕುತ್ತಿದ್ದಳು. ಹೊಸ ಸೆಲ್ಲು ಎರಡನ್ನು ಒರೆಸಿ ಚಾಪೆಯ ಮೇಲೆ ಇಡುವುದು, ಬಿಸ್ಮಿ ಹೇಳುವುದು, ಹಳೆಯದನ್ನು ಕೀಳುವುದು, ಉಸಿರು ಬಿಡುವ ಮೊದಲು ಹೊಸದನ್ನು ತುರುಕುವುದು. ಪರದೆಯ ಮೇಲೆ, ಮಾತು ಒಳಗಿದೆ ಎನ್ನುವ 1 ಎಂಬ ಅಂಕೆ ಕಂಡ ಮೇಲೆಯೇ ಅವಳ ಎದೆ ತಹಬಂದಿಗೆ ಬರುತ್ತಿತ್ತು. ಆಮೇಲೆ ಕಿವಿಗೆ ಹಿಡಿದು ಪೂರ್ತಿ ಕೇಳಿ, ಹಸಿರು ರೇಷ್ಮೆ ಕರವಸ್ತ್ರದಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಐದು ನಿಮಿಷದ ಆ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರಾದರೂ ಪರೀಕ್ಷೆ ಮಾಡಿ ನೋಡಿಯಾರು ಎಂಬ ಹೆದರಿಕೆ.

ಇನ್ನೊಬ್ಬರಿಗೆ ಕೇಳಿಸಲೂ ಇಲ್ಲ. ಹೆತ್ತ ಮಗನಿಗೂ ಇಲ್ಲ. ಏಕೆಂದರೆ ಆ ಹದಿನೆಂಟು ನಿಮಿಷದಲ್ಲಿ ಮಗುವಿನ ಲಸಿಕೆಯ ಮಾತು, ಮಾಡಿನ ಹಂಚಿನ ಮಾತು ಎಷ್ಟಿತ್ತೋ, ಹೆಂಡತಿಗೆಂದೇ ಹೇಳಿದ ಮಾತೂ ಅಷ್ಟೇ ಇತ್ತು. ಇಪ್ಪತ್ತೆಂಟು ವರ್ಷದ ಗಂಡಸು ಇಪ್ಪತ್ತೆರಡರ ಹೆಂಡತಿಗೆ ಕತ್ತಲಲ್ಲಿ ಹೇಳುವ ಮಾತು. ನಡುವೆ ಜಂಶೀರನ ಹೆಸರು ಹಿಡಿದು ಕರೆದು ಲಲ್ಲೆಗರೆಯುತ್ತಾನೆ, ಮರುಕ್ಷಣ ಮತ್ತೆ ಹೆಂಡತಿಯ ಕಡೆಗೆ ತಿರುಗುತ್ತಾನೆ. ಎರಡನ್ನೂ ಬೇರೆ ಮಾಡಲು ಬರುವಂತಿರಲಿಲ್ಲ. ರಿಪೇರಿ ಅಂಗಡಿಯ ಧನರಾಜ್ ಒಮ್ಮೆ, "ಫೋನಿಗೆ ಹಾಕಿ ಕೊಡುವಾ, ಹತ್ತು ನಿಮಿಷದ ಕೆಲಸ" ಎಂದಿದ್ದ. ಫೋನಿಗೆ ಹೋದದ್ದು ವಾಟ್ಸಾಪಿನಲ್ಲಿ ಊರಿಡೀ ಸುತ್ತುತ್ತದೆ ಎಂದು ಬೀವಿ ಅಲ್ಲಿಂದ ಎದ್ದು ಬಂದಿದ್ದಳು.

ಜಂಶೀರ್ ಕೇಳದ ದಿನವಿಲ್ಲ. ಚಿಕ್ಕವನಾಗಿದ್ದಾಗ ಅತ್ತು ಕೇಳಿದ. ದೊಡ್ಡವನಾದ ಮೇಲೆ ಒಮ್ಮೆ ಅನ್ನದ ಬಟ್ಟಲನ್ನು ಗೋಡೆಗೆ ಎಸೆದು ಕೇಳಿದ. "ಉಪ್ಪನ ಫೋಟೋ ಉಂಟು, ಪಾಸ್‌ಪೋರ್ಟ್ ಉಂಟು. ಸ್ವರ ಹೇಗಿತ್ತು ಅಂತ ನನಗೆ ಗೊತ್ತಿಲ್ಲ. ನಿಮಗೆ ಒಬ್ಬರಿಗೇನಾ ಅವರು ಸತ್ತದ್ದು?" ಎಂದಿದ್ದ. ಬೀವಿ ಕೆಂಪಾಗಿ, "ಆಗಲಿ, ಇನ್ನೊಮ್ಮೆ ನೋಡುವಾ" ಎಂದಳು. ಆ ಇನ್ನೊಮ್ಮೆ ಬರಲೇ ಇಲ್ಲ.

ಈ ವರ್ಷ ಅವಳ ಹೊಟ್ಟೆಯಲ್ಲಿ ಕಲ್ಲು ಕಂಡಿತು. ಪಿತ್ತಕೋಶ ಕೊಳೆತಿದೆ, ತಡಮಾಡಬೇಡಿ ಎಂದರು ಮಂಗಳೂರಿನ ಡಾಕ್ಟರು. ಹೊರಡುವ ಮುನ್ನಾದಿನ ಅವಳು ಸೆಲ್ಲು ಬದಲಿಸಿ ಕಪಾಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಕುತ್ತಿಗೆಯ ದಾರಕ್ಕೆ ಕಟ್ಟಿಕೊಂಡಳು. ಆಸ್ಪತ್ರೆಯಲ್ಲಿ ಎರಡನೆಯ ದಿನ ಇನ್ಶೂರೆನ್ಸ್ ಕಾರ್ಡು ಬೇಕೆಂದು ಕೌಂಟರಿನವರು ಜೀವ ತಿಂದರು. ಕಾರ್ಡು ಇದ್ದದ್ದು ಕಪಾಟಿನಲ್ಲಿ. ನೋವಿನಲ್ಲಿ ಕಣ್ಣು ಕತ್ತಲೆ ಬರುತ್ತಿದ್ದಾಗ ಬೀವಿ ದಾರ ಬಿಚ್ಚಿ ಬೀಗದ ಕೈಯನ್ನು ಮಗನ ಕೈಗಿಟ್ಟಳು. ಜಂಶೀರ್ ಅದನ್ನು ಮನೆಗೆ ಒಯ್ದು ರಿಫಾನಾಳಿಗೆ ಕೊಟ್ಟ. ಅವಳು ಕಾರ್ಡು ಹುಡುಕಿ ಕಳಿಸಿದಳು. ಇದರಲ್ಲಿ ಯಾರ ತಪ್ಪೂ ಇಲ್ಲ ನೋಡಿ, ನಾನು ಎಷ್ಟು ಸಲ ತಿರುಗಿಸಿ ನೋಡಿದರೂ ಇಲ್ಲ.

ಆಪರೇಷನ್ನಿಗೆ ಒಯ್ಯುವ ಬೆಳಗ್ಗೆ, ಹಸಿರು ಬಟ್ಟೆ ತೊಡಿಸಿ ತಳ್ಳುಮಂಚದಲ್ಲಿ ಮಲಗಿಸಿದ್ದಾಗ ಬೀವಿಗೆ ಹೆದರಿಕೆಯಾಯಿತು. ಸಾಯುವ ಹೆದರಿಕೆಯಲ್ಲ. ತಾನು ಸತ್ತರೆ ಆ ಸ್ವರ ಹಾಗೆಯೇ ಕಪಾಟಿನಲ್ಲಿ ಕೊಳೆಯುತ್ತದೆ, ಮಗ ಬರಿಗೈಯಲ್ಲಿ ಉಳಿಯುತ್ತಾನೆ ಎಂಬ ಹೆದರಿಕೆ. ಅವನ ಕೈ ಹಿಡಿದಳು.

"ಮನೆಗೆ ಹೋದ ಮೇಲೆ ನಿನ್ನ ಉಪ್ಪನದ್ದು ನಿನಗೆ ಕೊಡ್ತೇನೆ. ಪೂರ್ತಿ. ಫೋನಿಗೂ ಹಾಕಿಕೋ. ನನಗೆ ಇನ್ನು ಎಂತ ನಾಚಿಕೆ?"

ಜಂಶೀರ್ ನರ್ಸುಗಳ ಎದುರೇ ಅತ್ತುಬಿಟ್ಟ. "ಸತ್ಯ ಮಾಡಿ ಉಮ್ಮಾ" ಎಂದ. ಅವಳು ಸತ್ಯ ಮಾಡಿದಳು. ಅಷ್ಟು ಹಗುರವಾದ ಮನಸ್ಸಿನಿಂದ ಅವಳು ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಮಲಗಿರಲಿಲ್ಲ.

ಒಂಬತ್ತನೆಯ ದಿನ, ಗುರುವಾರ ಸಂಜೆ, ಅವಳು ಮನೆಗೆ ಬಂದಳು. ರಿಫಾನಾ ಗಂಜಿ ಬಡಿಸಿ ಪಕ್ಕದಲ್ಲಿ ಕೂತು ಊರ ಸುದ್ದಿಯೆಲ್ಲ ಹೇಳಿದಳು. ಒಬ್ಬಳೇ ಇರಲಾಗದೆ ತಾನು ಆರು ದಿನ ಉಪ್ಪಳದ ತವರಿಗೆ ಹೋಗಿದ್ದೆ ಎಂದೂ ಹೇಳಿದಳು. ಶುಕ್ರವಾರ ಜಂಶೀರ್ ಮಿಂದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಫೋನು ಪೂರ್ತಿ ಚಾರ್ಜು ಮಾಡಿ ಜುಮಾಕ್ಕೆ ಹೊರಟ. "ಬಂದ ಕೂಡಲೇ ಕೇಳುದು, ಆಯ್ತಾ?" ಎಂದು ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದ. ಮದುವೆಯ ದಿನವೂ ಅವನ ಮುಖ ಅಷ್ಟು ಅರಳಿರಲಿಲ್ಲ.

ಅವನು ಹೋದ ಮೇಲೆ ರಿಫಾನಾ ಕಪಾಟಿನ ಬೀಗದ ಕೈಯನ್ನೂ ಒಂದು ಕಾಗದದ ಪೊಟ್ಟಣವನ್ನೂ ತಂದು ಅತ್ತೆಯ ಮಡಿಲಿಗಿಟ್ಟಳು. ಪೊಟ್ಟಣದ ಮೇಲೆ ದುಂಡಗೆ ಬರೆದಿದ್ದಳು: ಉಮ್ಮನ ಮೆಷಿನ್.

"ಉಪ್ಪಳಕ್ಕೆ ಹೋಗುವ ದಿನ ಗಡಿಯಾರದ್ದು, ಟಾರ್ಚಿನದ್ದು ಎಲ್ಲ ತೆಗ್ದೆ. ಕಾರ್ಡು ಹುಡುಕುವಾಗ ಕಪಾಟಲ್ಲಿ ಇದನ್ನು ನೋಡಿದ್ದೆ ಅಲ್ವಾ, ನೆನಪಾಯ್ತು. ನೀವು ಇಲ್ಲದಾಗ ಸೋರಿದ್ರೆ ನನ್ನ ಗತಿ ಎಂತ? ಇದರದ್ದೂ ತೆಗ್ದೆ. ಒರೆಸಿ ಇಟ್ಟಿದ್ದೇನೆ, ಒಂದು ಚೂರೂ ಸೋರ್ಲಿಲ್ಲ."

ಐದು ನಿಮಿಷವಲ್ಲ, ಆರು ದಿನಕ್ಕೂ ಹೆಚ್ಚು ಎಂದು ಬೀವಿ ಲೆಕ್ಕ ಹಾಕಿದಳು. ಹುಡುಗಿ ಹೊಗಳಿಕೆಗೆ ಕಾಯುತ್ತಾ ನಿಂತಿದ್ದಳು. "ಒಳ್ಳೆದಾಯ್ತು ಮಗಳೇ" ಎಂದು ಹೇಗೋ ಹೇಳಿ, ಗೋಡೆ ಹಿಡಿದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಕಪಾಟಿನಿಂದ ರೆಕಾರ್ಡರು ತೆಗೆದು ಸೆಲ್ಲು ತುರುಕಿದಳು. ಪರದೆ ಬೆಳಗಿತು. 1 ಇರಬೇಕಾದಲ್ಲಿ 0 ಮಿಣುಕುತ್ತಿತ್ತು. ಒತ್ತಿದಳು, ಕಿವಿಗೆ ಹಿಡಿದಳು, ತಿರುಗಿಸಿ ಮತ್ತೆ ಒತ್ತಿದಳು. ಏನೂ ಇಲ್ಲ. ಹೊಲಿಗೆ ಹಾಕಿದ ಹೊಟ್ಟೆಯನ್ನು ಅವುಚಿಕೊಂಡು ಅವಳು ಚಾಪೆಯ ಮೇಲೆ ಉರುಳಿ ಸದ್ದಿಲ್ಲದೆ ಅತ್ತಳು. ಮಮ್ಮಾಲಿ ಎರಡನೆಯ ಸಲ ಸತ್ತ, ಈ ಸಲ ಅವನನ್ನು ಕೊಂದದ್ದು ತಾನೇ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ತಾನೇ ಕಲಿಸಿದ ಕಾನೂನು, ತಾನೇ ಕೊಟ್ಟ ಬೀಗದ ಕೈ, ಹೇಳದೆ ಉಳಿಸಿದ ಐದು ನಿಮಿಷದ ಮಾತು.

ಮಸೀದಿಯ ಮೈಕಿನಲ್ಲಿ ಖುತ್ಬಾ ಪ್ರವಚನ ನಡೆಯುತ್ತಿತ್ತು. ಇನ್ನು ಅರ್ಧ ಗಂಟೆಯೊಳಗೆ ಜಂಶೀರ್ ಬರುತ್ತಾನೆ. ಅವನ ಸಿಟ್ಟನ್ನು ಅವಳು ಬಲ್ಲಳು. ಸೆಲ್ಲು ತೆಗೆದವಳು ರಿಫಾನಾ ಎಂದು ಗೊತ್ತಾದರೆ ಅವನು ಬಾಯಲ್ಲಿ ಕ್ಷಮಿಸಿಯಾನು, ಹೊಟ್ಟೆಯಲ್ಲಿ ಕ್ಷಮಿಸುವುದಿಲ್ಲ. ಆ ಹುಡುಗಿಯೂ ತನ್ನನ್ನು ತಾನು ಕ್ಷಮಿಸಿಕೊಳ್ಳುವುದಿಲ್ಲ. ಸಾಯುವ ತನಕ ಇಬ್ಬರ ನಡುವೆ ಅದು ಮಲಗಿರುತ್ತದೆ.

ಬೀವಿ ಎದ್ದಳು. ಹಿಂಬಾಗಿಲಿನಿಂದ ಹಿತ್ತಿಲಿಗೆ ಹೋಗಿ ಬಚ್ಚಲಿನ ಗೋಡೆಯ ಮೇಲಿನ ಡಬ್ಬಿ ತೆರೆದಳು. ತಳದಲ್ಲಿ ಹಳೆಯ ಸೆಲ್ಲುಗಳು ಒಡೆದು, ಅಂಟಿ, ಬಿಳಿ ಬಿಳಿ ಪುಡಿಯಾಗಿದ್ದವು. ಬೆರಳಿಗೆ ತೊಟ್ಟೆ ಸುತ್ತಿಕೊಳ್ಳಲಿಲ್ಲ. ಬರಿಗೈ ಹಾಕಿದಳು. ಉಗುರಿನಲ್ಲಿ ಪುಡಿ ಕೆರೆದು ರೆಕಾರ್ಡರಿನ ಸ್ಪ್ರಿಂಗಿಗೆ, ಸಂದುಗೊಂದಿಗೆ ಒತ್ತಿ ಒತ್ತಿ ತುಂಬಿದಳು. ಅವಳು ಇಪ್ಪತ್ತೇಳು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟು ಕಾದದ್ದು ಆ ಪುಡಿ ಅಲ್ಲಿಗೆ ಬಾರದಿರಲಿ ಎಂದೇ.

ಜಂಶೀರ್ ಬಂದ. ಅವಳು ಜಗಲಿಯಲ್ಲಿ ಕೂತು ರೆಕಾರ್ಡರನ್ನು ಅವನ ಕೈಗೆ ಕೊಟ್ಟಳು. ಅವನು ಮುಚ್ಚಳ ತೆಗೆದ. ಪುಡಿ ಅವನ ಬಿಳಿ ಅಂಗಿಯ ಮೇಲೆ ಉದುರಿತು.

"ಸೋರಿದೆ. ಹೋದ ವರ್ಷವೇ ಸೋರಿ ಒಳಗೆಲ್ಲ ತಿಂದಿದೆ," ಎಂದಳು ಬೀವಿ. "ನನಗೆ ಗೊತ್ತಿತ್ತು. ನಿನಗೆ ಹೇಳುವ ಧೈರ್ಯ ಬರ್ಲಿಲ್ಲ."

ಬಾಗಿಲಲ್ಲಿದ್ದ ರಿಫಾನಾ, "ಆದ್ರೆ ನಾನು ತೆಗೆಯುವಾಗ..." ಎಂದು ಶುರುಮಾಡಿದಳು.

"ನೀನು ತೆಗೆಯುವಾಗ ಅದು ಸತ್ತು ವರ್ಷ ಆಗಿತ್ತು. ಸ್ಪ್ರಿಂಗಿನ ಅಡಿಯಲ್ಲಿದ್ದದ್ದು ನಿನಗೆ ಕಾಣ್ಲಿಲ್ಲ. ಒಳಗೆ ಹೋಗು ಮಗಳೇ."

ಜಂಶೀರ್ ಮುಚ್ಚಳವನ್ನು ಮತ್ತೆ ಹಾಕಿದ. "ಆಸ್ಪತ್ರೆಯಲ್ಲಿ ಸತ್ಯ ಮಾಡಿದಿರಿ" ಎಂದ. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಸಹಿಸಲು ಸುಲಭವಾಗುತ್ತಿತ್ತು.

"ಅದರಲ್ಲಿದ್ದ ಒಂದೊಂದು ಮಾತೂ ನನಗೆ ಬಾಯಿಪಾಠ ಉಂಟು. ನಾನು ಹೇಳ್ತೇನೆ, ಒಂದನ್ನೂ ಬಿಡುದಿಲ್ಲ. ಕೂತುಕೋ."

"ಬೇಡ. ನಿಮ್ಮ ಸ್ವರ ನನಗೆ ಗೊತ್ತುಂಟು" ಎಂದ ಜಂಶೀರ್. ರೆಕಾರ್ಡರನ್ನು ಜಗಲಿಯ ಮೇಲಿಟ್ಟು, ಅಂಗಿಯ ಪುಡಿಯನ್ನೂ ಕೊಡವದೆ ಪಿಕಪ್ ಹತ್ತಿ ಹೋದ.

ರಿಫಾನಾ ಬಂದು ನೋಡುವಾಗ ಬೀವಿಯ ಬೆರಳುಗಳ ತುದಿ ಕೆಂಪಾಗಿತ್ತು, ಉಗುರಿನ ಸಂದಿನಲ್ಲಿ ಬಿಳಿ ಕೂತಿತ್ತು. "ಅಯ್ಯೋ ಉಮ್ಮಾ, ಬರಿಗೈಯಲ್ಲಿ ಮುಟ್ಟಿದ್ರಾ? ನೀವೇ ಹೇಳುದಲ್ವಾ, ಮುಟ್ಬಾರ್ದು ಅಂತ?" ಎಂದು ಓಡಿಹೋಗಿ ಸಾಬೂನು, ಚೊಂಬು ತಂದಳು. ಒಂದೊಂದೇ ಬೆರಳನ್ನು ಹಿಡಿದು ತೊಳೆದಳು. ಬೀವಿ ತೊಳೆಯಗೊಟ್ಟಳು.

"ರಿಮೋಟಿಗೆ, ಗಡಿಯಾರಕ್ಕೆ ಎಲ್ಲ ಸೆಲ್ಲು ಹಾಕು ಮಗಳೇ," ಎಂದಳು. "ಇನ್ನು ತೆಗೆಯುದು ಬೇಡ. ಇದ್ದಲ್ಲಿ ಇರಲಿ."

"ಸೋರಿದ್ರೆ?"

"ಸೋರಲಿ" ಎಂದಳು ಬೀವಿ. ಸೋರಿದರೆ ಹೋಗುವಂಥದ್ದು ಇನ್ನು ಆ ಮನೆಯಲ್ಲಿ ಏನೂ ಉಳಿದಿರಲಿಲ್ಲ.