ಹೊರಟವನನ್ನು ಕೂಗುವುದು

ಮಗನಿಗೆ ದೊಡ್ಡ ತಂಡದಿಂದ ಕರೆ ಬಂದ ಸುದ್ದಿಯನ್ನು ರಿಮ್ಮಾ ಯಾರಿಗೂ ಹೇಳಿರಲಿಲ್ಲ. ಕಾರ್ಖಾನೆಯಲ್ಲಿ ಪಕ್ಕದ ಕ್ರೇನ್ ನಡೆಸುವ ಗೆಳತಿಗೂ ಹೇಳಿರಲಿಲ್ಲ. ಆಗುವ ಮೊದಲೇ ಬಾಯಿಬಿಟ್ಟರೆ ದೃಷ್ಟಿ ತಾಗುತ್ತದೆ. ಅತ್ತೆ ತೈಸಿಯಾ ಮಾತ್ರ ಬೆಳಗಿನಿಂದ ಹಿಟ್ಟು ನಾದಿ, ಮಾಂಸ ಕೊಚ್ಚಿ, ಪೆಲ್ಮೆನಿ ಕಡುಬು ಮಡಿಸುತ್ತ ಕೂತು, ಮೆಟ್ಟಿಲ ಮೇಲೆ ಓಡಾಡುವವರಿಗೆಲ್ಲ ಸಾರು ಕುದಿಯುವ ವಾಸನೆಯಲ್ಲೇ ಸುದ್ದಿ ಮುಟ್ಟಿಸಿದ್ದಳು.

ಗ್ಲೆಬ್‌ಗೆ ಹತ್ತೊಂಬತ್ತು. ಎರಡು ಚಳಿಗಾಲ ಐಸ್ ಹಾಕಿ ಕ್ಲಬ್ಬಿನ ಕಿರಿಯರ ತಂಡದಲ್ಲಿ ಆಡಿದ್ದ. ಮಂಜುಗಡ್ಡೆಯ ಅಂಗಳದ ಪಕ್ಕದ ಹಾಸ್ಟೆಲಿನಲ್ಲೇ ಇದ್ದ. ಈ ವಾರ ದೊಡ್ಡ ತಂಡದ ಆಟಗಾರನೊಬ್ಬನ ಮಂಡಿ ಹೋಯಿತು. ಕೋಚ್ ಇವನನ್ನು ಕರೆಸಿದರು. ನಾಳೆ ಓಮ್ಸ್ಕ್‌ನಲ್ಲಿ ಪಂದ್ಯ, ಇಂದು ಮಧ್ಯಾಹ್ನ ಬಸ್ಸು. ಕೋಟು, ಟೈ ಇಲ್ಲದೆ ಬಸ್ಸು ಹತ್ತುವಂತಿಲ್ಲ ಎಂಬುದು ತಂಡದ ಕಟ್ಟುನಿಟ್ಟು. ಹಾಗಾಗಿ ಶಾಲೆ ಮುಗಿಸಿದ ವರ್ಷ ಹೊಲಿಸಿದ ಕೋಟಿಗೆಂದು ಮನೆಗೆ ಬಂದಿದ್ದ. ಅದೀಗ ಭುಜದ ಹತ್ತಿರ ಬಿಗಿಯುತ್ತಿತ್ತು.

"ಏನೋ ಇದು, ಗುಬ್ಬಚ್ಚಿ ಕುಕ್ಕಿದ ಹಾಗೆ ತಿಂತೀಯಾ? ಓಮ್ಸ್ಕ್‌ನವರು ಒಂದೇ ಗುದ್ದಿಗೆ ನಿನ್ನನ್ನ ಅಂಗಳದ ಹಲಗೆಗೆ ಅಂಟಿಸಿಬಿಡ್ತಾರೆ," ಎಂದಳು ತೈಸಿಯಾ.

"ಅಂಟಿಸಲಿ ಬಿಡಜ್ಜಿ. ನೀನು ಬಂದು ಕಾವಲಿಯಿಂದ ಬ್ಲಿನಿ ಎಬ್ಬಿಸಿದ ಹಾಗೆ ಎಬ್ಬಿಸ್ಕೊಂಡು ಹೋಗು."

"ನನ್ನ ಬ್ಲಿನಿ ಯಾವತ್ತೂ ಅಂಟಿಲ್ಲ ಕಣೋ!"

ಗ್ಲೆಬ್ ನಕ್ಕ. ನಗು ಸ್ವಲ್ಪ ತಡವಾಗಿ ಬಂತು. "ಅಮ್ಮ, ಆ ಪರದೆ ಎಳೀತೀಯಾ? ಹಿಮದ ಬೆಳಕು ಕಣ್ಣಿಗೆ ಚುಚ್ತಿದೆ. ಅಂದ ಹಾಗೆ, ತಿಮೂರ್ ಫೋನ್ ಮಾಡಿದ್ನಾ?"

"ಇಲ್ಲಪ್ಪ. ಅವನು ಬಸ್ಸಿನ ಹತ್ತಿರಾನೇ ಸಿಗ್ತಾನಲ್ಲ." ತಿಮೂರ್ ಹಾಸ್ಟೆಲಿನ ಗೆಳೆಯ, ಹೋದ ವರ್ಷವೇ ದೊಡ್ಡ ತಂಡಕ್ಕೆ ಹೋದವನು.

ರಿಮ್ಮಾ ಪರದೆ ಎಳೆದಳು. ಕೋಟಿಗೆ ಇಸ್ತ್ರಿ ಹಾಕಿದಳು. ಟೈ ಕಟ್ಟಿಕೊಳ್ಳುತ್ತ ಗ್ಲೆಬ್ ಮತ್ತೆ ಕೇಳಿದ, "ತಿಮೂರ್ ಫೋನ್ ಮಾಡಿದ್ನಾ?"

ಮೊದಲ ಪಂದ್ಯದ ಅಳುಕು ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು.

ಕಳೆದ ಶನಿವಾರ ಕಿರಿಯರ ಪಂದ್ಯದಲ್ಲಿ ಎದುರು ತಂಡದ ದಢೂತಿಯೊಬ್ಬ ನುಗ್ಗಿ ಬಂದು ಭುಜದಿಂದ ಗುದ್ದಿದಾಗ ಗ್ಲೆಬ್‌ನ ತಲೆ ಅಂಗಳದ ಸುತ್ತಿನ ಹಲಗೆಗೆ ಬಡಿದಿತ್ತು. ಆ ಸದ್ದು ಮೇಲಿನ ಸಾಲಿನಲ್ಲಿ ಕೂತ ಅವಳಿಗೂ ಕೇಳಿಸಿತು. ಅವನು ಮಂಡಿಯೂರಿದ, ಎದ್ದ, ಆಟ ಮುಗಿಸಿದ. "ಒಂದು ಹಲ್ಲೂ ಅಲ್ಲಾಡಿಲ್ಲ ಅಮ್ಮ. ಡಾಕ್ಟರು ಬೆರಳು ತೋರಿಸಿದ್ರು, ಎಣಿಸಿದೆ," ಎಂದಿದ್ದ. ಅವಳು ನಂಬಿದ್ದಳು. ಹದಿನೈದು ವರ್ಷದಿಂದ ಅವಳ ಕೆಲಸವೇ ನಂಬುವುದು ತಾನೇ? ನಾಲ್ಕು ವರ್ಷದ ಮಗುವನ್ನು ಬೆಳಕು ಹರಿಯುವ ಮೊದಲು ಅಂಗಳಕ್ಕೆ ಎಳೆದುಕೊಂಡು ಹೋಗಿ, ಕೈಗವಸು ಕಳಚಿ, ಬೆರಳು ಮರಗಟ್ಟುವವರೆಗೆ ಸ್ಕೇಟಿನ ದಾರ ಬಿಗಿದು, ಆಮೇಲೆ ಪಾಳಿಗೆ ಓಡುತ್ತಿದ್ದಳು. ಗಂಡ ಇನ್ನೊಬ್ಬಳ ಜೊತೆ ಪೆರ್ಮ್‌ಗೆ ಹೊರಟುಹೋದ ವರ್ಷ ಊರವರ ಮುಖ ನೋಡಲಾಗದೆ ಕುಗ್ಗಿದಾಗಲೂ ಅಂಗಳದ ಆ ತಣ್ಣನೆಯ ಬೆಂಚು ಒಂದಿತ್ತು. ಅಲ್ಲಿ ಅವಳನ್ನು ಯಾರೂ ಬಿಟ್ಟುಹೋದ ಹೆಂಡತಿಯಾಗಿ ನೋಡುತ್ತಿರಲಿಲ್ಲ. ಅವಳು ಹದಿನೇಳನೇ ನಂಬರಿನ ಆಟಗಾರನ ತಾಯಿ. ಅದು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ, ತಾನು ಬೇರೆ ಏನಾದರೂ ಆಗಬೇಕೆಂಬ ಆಸೆ ಯಾವಾಗ ಒಳಗೇ ಆರಿಹೋಯಿತೋ ಅವಳಿಗೆ ನೆನಪಿರಲಿಲ್ಲ.

"ಬನ್ನಿ, ಕೂತ್ಕೊಳಿ," ಎಂದಳು ತೈಸಿಯಾ.

ದೂರ ಹೊರಟವರ ಜೊತೆ ಮನೆಯವರೆಲ್ಲ ಒಂದು ಗಳಿಗೆ ಬಾಯಿ ಮುಚ್ಚಿ ಕೂತು ಏಳಬೇಕು. ಅಜ್ಜಿ ಪೆಟ್ಟಿಗೆಯ ಮೇಲೆ ಕೂತಳು. ರಿಮ್ಮಾ ಬಾಗಿಲ ಬಳಿಯ ಮಣೆಯ ಮೇಲೆ ಕೂತಳು. ಗ್ಲೆಬ್ ತನ್ನ ದೊಡ್ಡ ಆಟದ ಚೀಲದ ಮೇಲೆಯೇ ಕೂತ. ಆ ಮೌನದಲ್ಲಿ, ಬೆಳಗಿನಿಂದ ಮೊದಲ ಸಲ, ರಿಮ್ಮಾ ಕೈಯಲ್ಲಿ ಕೆಲಸವಿಲ್ಲದೆ ಮಗನನ್ನು ನೋಡಿದಳು.

ಅವನು ಕೋಟು ನೇತುಹಾಕುವ ಹಿತ್ತಾಳೆ ಕೊಕ್ಕೆಯನ್ನೇ ನೋಡುತ್ತಿದ್ದ. ನಾಲಿಗೆ ಅಂಗುಳಕ್ಕೆ ಒತ್ತಿದ್ದರಿಂದ ಗಂಟಲು ಬಿಗಿದಿತ್ತು. ಹೆಬ್ಬೆರಳು ಚೀಲದ ಪಟ್ಟಿಯನ್ನು ಕಚ್ಚಿ ಹಿಡಿದಿತ್ತು. ಅಜ್ಜಿ "ದೇವರು ಕಾಪಾಡಲಿ" ಎಂದೊಡನೆ ಎದ್ದ. ಮೊದಲು ಸೊಂಟ, ಆಮೇಲೆ ಬೆನ್ನು, ಎಲ್ಲಕ್ಕೂ ಕೊನೆಗೆ ತಲೆ. ಕಣ್ಣು ಮಾತ್ರ ಕೊಕ್ಕೆ ಬಿಟ್ಟು ಕದಲಲಿಲ್ಲ.

ರಿಮ್ಮಾಗೆ ಆ ಏಳುವ ರೀತಿಯ ಗುರುತು ಸಿಕ್ಕಿತು. ಅದು ಅವಳದೇ ಉಪಾಯ.

ಎರಡು ವರ್ಷದ ಹಿಂದೆ ಕಿವಿಯ ಕಾಯಿಲೆಯಿಂದ ಅವಳಿಗೆ ತಲೆಸುತ್ತು ಹತ್ತಿತ್ತು. ಪಾಳಿಗೆ ಮುನ್ನ ಕಾರ್ಖಾನೆಯ ದಾದಿ ಪರೀಕ್ಷಿಸಿ ಚೀಟಿ ಕೊಟ್ಟರೆ ಮಾತ್ರ ಕ್ರೇನಿನ ಗೂಡು ಹತ್ತಬಹುದು. ಇಲ್ಲದಿದ್ದರೆ ಕೆಳಗಿನ ಕೆಲಸ, ಆಮೇಲೆ ಆ ಗೂಡು ಮತ್ತೊಬ್ಬಳ ಪಾಲು. ಹಳೆಯ ಕ್ರೇನಿನವಳೊಬ್ಬಳು ಹೇಳಿಕೊಟ್ಟಿದ್ದಳು: ಒಂದು ಮೊಳೆಯನ್ನು ಕಣ್ಣಲ್ಲಿ ಹಿಡಿ, ನಾಲಿಗೆ ಒತ್ತು, ಹೆಬ್ಬೆರಳಿಗೆ ಒತ್ತಲು ಏನಾದರೂ ಕೊಡು, ತಲೆ ಕೊನೆಗೆ ಎತ್ತು. ದಾದಿಗೆ ಗೊತ್ತಾಗಲೇ ಇಲ್ಲ. ಆ ಸಂಜೆ ಇದೇ ಮನೆಯಲ್ಲಿ ರಿಮ್ಮಾ ನಗುತ್ತ ಮಗನಿಗೆ ಅಭಿನಯಿಸಿ ತೋರಿಸಿದ್ದಳು. "ಅಮ್ಮ, ಪಕ್ಕಾ ಕಳ್ಳಿ ನೀನು!" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ವಾರಗಟ್ಟಲೆ ಅವಳು ಜನರ ತಲೆಯ ಮೇಲೆ ಉಕ್ಕಿನ ಸುರುಳಿಗಳನ್ನು ತೂಗಾಡಿಸಿದ್ದಳು. ಏನೂ ಆಗಲಿಲ್ಲ. ಆಗಲಿಲ್ಲವಾದ್ದರಿಂದ ಅದು ತಪ್ಪು ಎಂದು ಅನಿಸಿರಲೂ ಇಲ್ಲ.

ತೈಸಿಯಾ ಮೊಮ್ಮಗನಿಗೆ ಶಿಲುಬೆಯ ಗುರುತು ಮಾಡಿ, ಎಡಭುಜದಾಚೆ ಮೂರು ಸಲ ಥೂ ಥೂ ಎಂದಳು. ಬಾಗಿಲು ಮುಚ್ಚಿತು. ಲಿಫ್ಟು ಕೆಳಗಿಳಿಯುವ ಸದ್ದು ಕೇಳಿತು.

"ಪಾತ್ರೆ ಮುಟ್ಬೇಡ. ಅವನು ಹೋಗಿ ಸೇರೋ ತನಕ ತೊಳಿಯೋದೂ ಇಲ್ಲ, ಗುಡಿಸೋದೂ ಇಲ್ಲ. ಅಲ್ಲ, ನೀನೆಲ್ಲಿಗೆ ಹೊರಟೆ?"

ರಿಮ್ಮಾ ಕೋಟು ಏರಿಸಿಕೊಳ್ಳುತ್ತಿದ್ದಳು. "ಅವನನ್ನ ವಾಪಸ್ ಕರ್ಕೊಂಡು ಬರ್ತೀನಿ ಅತ್ತೆ. ತಲೆಗೆ ಪೆಟ್ಟಾಗಿದೆ. ಮುಚ್ಚಿಡ್ತಿದಾನೆ."

"ಹುಚ್ಚು ಹಿಡೀತೇನೇ? ಹೊರಟವನನ್ನ ಹಿಂದಿನಿಂದ ಕೂಗ್ತಾರಾ? ಕೈಯಾರೆ ಅವನ ದಾರಿ ಕಡೀತೀಯಲ್ಲೇ!"

"ಕಡೀಬೇಕು ಅತ್ತೆ."

ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಉದ್ಯಾನದ ನಡುವೆ ಹಿಮ ತುಳಿದು ಮಾಡಿದ ಕಾಲುದಾರಿಯಲ್ಲಿ ಅವಳು ಬಿದ್ದೆನೋ ಎದ್ದೆನೋ ಎಂದು ನಡೆದಳು. ಅಂಗಳದ ಮುಂದೆ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಕೋಟು ತೊಟ್ಟ ಗಂಡಸರು ಚೀಲ ಎತ್ತಿ ಹಾಕುತ್ತಿದ್ದರು. ಅವಳನ್ನು ಮೊದಲು ಕಂಡವನು ತಿಮೂರ್.

"ಆಂಟಿ! ಪೆಲ್ಮೆನಿ ತಂದ್ರಾ? ಇವನೊಬ್ಬನೇ ತಿಂದು ಬಂದಿದಾನೆ, ಸ್ವಾರ್ಥಿ!"

ಗ್ಲೆಬ್ ಅತ್ತ ತಿರುಗಿ, ಎಲ್ಲರ ಹಾಕಿ ಕೋಲುಗಳ ಕಟ್ಟನ್ನು ಎತ್ತಿಕೊಡುತ್ತಿದ್ದ. ಹೊಸದಾಗಿ ಬಂದವನ ಕೆಲಸ ಅದು. ಹಿರಿಯ ಆಟಗಾರನೊಬ್ಬ ಅವನ ಟೈ ಎಳೆದು ಏನೋ ಅಂದ. ಸುತ್ತಲಿನವರು ನಕ್ಕರು, ಗ್ಲೆಬ್‌ನ ಕಿವಿ ಕೆಂಪಾಯಿತು. ಈ ನಗೆಯೊಳಗೆ ಸೇರಬೇಕೆಂದು ಅವನು ಮಗುವಾಗಿದ್ದಾಗಿನಿಂದ ಕಾದಿದ್ದ. ರಿಮ್ಮಾ ಅಲ್ಲೇ ನಿಂತಳು. ಒಂದೇ ಪಂದ್ಯ. ನನಗೇನೂ ಆಗಲಿಲ್ಲವಲ್ಲ. ಅವನ ಮುಖದ ಈ ಬೆಳಕನ್ನು ಆರಿಸುವ ಕೈ ನನ್ನದೇ ಯಾಕಾಗಬೇಕು? ಇನ್ನೊಂದು ಯೋಚನೆಯೂ ಬಂತು, ನಾಚಿಕೆ ಪಡುವಂಥದ್ದು: ಅವನು ಆಡದಿದ್ದರೆ ನಾನು ಯಾರು?

"ಗ್ಲೆಬ್!" ಎಂದು ಕೂಗಿದಳು.

ಅವನು ಗಕ್ಕನೆ ತಿರುಗಿದ. ತಲೆ ನಿಂತರೂ ಮೈ ನಿಲ್ಲಲಿಲ್ಲ. ಕೋಲುಗಳು ಚೆಲ್ಲಿದವು. ಕೈ ಗಾಳಿಯಲ್ಲಿ ಬಸ್ಸನ್ನು ಹುಡುಕಿತು. ನಗು ನಿಂತುಹೋಯಿತು. ತಂಡದ ಡಾಕ್ಟರು ಬಸ್ಸಿನ ಮೆಟ್ಟಿಲಿಳಿದು ಬಂದರು.

"ಏನಾಯ್ತೋ?"

"ಜಾರಿತು ಡಾಕ್ಟ್ರೇ. ಬೂಟು ಹೊಸದು."

"ನನ್ನ ನೋಡು." ಗ್ಲೆಬ್ ಅವರ ಭುಜದಾಚೆ ಬಸ್ಸಿನ ದೀಪವೊಂದನ್ನು ಕಣ್ಣಲ್ಲಿ ಹಿಡಿದು ನೆಟ್ಟಗೆ ನಿಂತ. ಗಂಟಲು ಬಿಗಿದಿತ್ತು. ಡಾಕ್ಟರು ತಲೆಯಾಡಿಸಿ ಇನ್ನೇನು ಬಿಟ್ಟುಬಿಡುವವರಿದ್ದರು.

"ಕಣ್ಣು ಮುಚ್ಚಿಸಿ ಡಾಕ್ಟ್ರೇ," ಎಂದಳು ರಿಮ್ಮಾ. "ಅವನು ಆ ದೀಪ ಹಿಡ್ಕೊಂಡು ನಿಂತಿದಾನೆ. ಆ ಉಪಾಯ ಕಲಿಸಿದ್ದು ನಾನೇ."

"ಅಮ್ಮ, ಬೇಡ." ಅಷ್ಟು ಮೆಲ್ಲಗೆ ಅವನು ಚಿಕ್ಕವನಿದ್ದಾಗಲೂ ಬೇಡಿಕೊಂಡಿರಲಿಲ್ಲ.

ಕಣ್ಣು ಮುಚ್ಚಿದ ಕೂಡಲೇ ಅವನು ಪಕ್ಕಕ್ಕೆ ವಾಲಿದ. ಡಾಕ್ಟರು ತೋಳು ಕೊಟ್ಟು ಹಿಡಿದುಕೊಂಡರು. ಕೋಚ್ ಏನೂ ಬಯ್ಯಲಿಲ್ಲ. ಹಾಸ್ಟೆಲಿಗೆ ಫೋನ್ ಮಾಡಿ ಬೇರೆ ಹುಡುಗನ ಹೆಸರು ಹೇಳಿದರು, ಅಷ್ಟೇ. ಆ ಹುಡುಗ ಟೈ ಕೈಯಲ್ಲೇ ಹಿಡಿದು ಓಡಿ ಬಂದ. ಗ್ಲೆಬ್‌ನ ಕಡೆ ನೋಡದೆ ಬಸ್ಸು ಹತ್ತಿದ.

ಬಸ್ಸು ಹೋದ ಮೇಲೆ ತಾಯಿ ಮಗ ಇಬ್ಬರೇ ನಿಂತರು. ಅವಳು ಚೀಲದ ಒಂದು ಪಟ್ಟಿಗೆ ಕೈ ಹಾಕಿದಳು. ಅವನು ಕಿತ್ತುಕೊಂಡ.

"ನೀನು ಕ್ರೇನ್ ಹತ್ತಿದ್ಯಲ್ಲ? ನಿನ್ನ ಯಾರಾದ್ರೂ ಇಳಿಸಿದ್ರಾ?"

"ಇಳಿಸಬೇಕಿತ್ತು."

"ಇನ್ನೊಂದು ಸಲ ಕರೀತಾರೆ ಅಂದ್ಕೊಂಡಿದೀಯಾ? ನನ್ನಂಥವರು ಅಲ್ಲಿ ಸಾಲು ನಿಂತಿದಾರೆ."

ಅವಳು ಅವನ ಪಕ್ಕದಲ್ಲೇ ಮನೆಯ ಕಡೆ ಹೆಜ್ಜೆ ಹಾಕಿದಳು. ಡಾಕ್ಟರು ಹೇಳಿಹೋಗಿದ್ದರು: ನಾಳೆ ಆಸ್ಪತ್ರೆ, ಆಮೇಲೆ ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ. ಒಂದು ತಿಂಗಳೋ, ಇಡೀ ಚಳಿಗಾಲವೋ, ಅದಕ್ಕಿಂತ ಹೆಚ್ಚೋ ಈಗ ಹೇಳಲಾಗದು.

ಬಾಗಿಲು ತೆರೆದ ತೈಸಿಯಾ ಮೊಮ್ಮಗನ ಮುಖ ನೋಡಿ ಸೊಸೆಗೆ ಬಯ್ಯಬೇಕೆಂದಿದ್ದ ಮಾತೆಲ್ಲ ನುಂಗಿಕೊಂಡಳು. "ಅರ್ಧ ದಾರಿಯಿಂದ ಬಂದವರು ಅಪಶಕುನ ಕಳೆಯೋಕೆ ಕನ್ನಡಿ ನೋಡ್ಕೋಬೇಕಪ್ಪ," ಎಂದಷ್ಟೇ ಹೇಳಿದಳು. ಅವನು ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಹೊರಗೆ ಸಂಜೆಯ ನೀಲಿ ಇಳಿಯಿತು. ಮೇಜಿನ ಮೇಲೆ ಮಧ್ಯಾಹ್ನದ ತಟ್ಟೆಗಳು ಹಾಗೇ ಇದ್ದವು, ಗ್ಲೆಬ್‌ನ ತಟ್ಟೆಯಲ್ಲಿ ಕೆನೆ ಗಟ್ಟಿಯಾಗಿತ್ತು.

"ಈಗ ತೊಳೀಬಹುದೇನೇ?" ಎಂದಳು ತೈಸಿಯಾ. ಇಷ್ಟು ವಯಸ್ಸಾಗಿಯೂ ಇಂಥ ಹೊತ್ತಿಗೆ ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ರಿಮ್ಮಾ ಎದ್ದು ನಲ್ಲಿ ತಿರುಗಿಸಿದಳು. ಸದ್ದಾಗದಂತೆ ಒಂದೊಂದೇ ತಟ್ಟೆ ತೊಳೆಯುತ್ತಿದ್ದಾಗ ಕೋಣೆಯಿಂದ ದನಿ ಬಂತು. ಮನೆ ಸೇರಿದ ಮೇಲೆ ಅವನಾಡಿದ ಮೊದಲ ಮಾತು. ಅದರಲ್ಲಿ ಸಿಟ್ಟಿರಲಿಲ್ಲ.

"ಅಮ್ಮ, ತಿಮೂರ್ ಫೋನ್ ಮಾಡಿದ್ನಾ?"

ಆಗಲೇ ಎರಡು ಸಲ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ತಾನು ಮಾಡಿದ್ದು ಸರಿಯಾಗಿತ್ತು. ಆ ಸರಿ ಎದೆಯೊಳಗೆ ಕಲ್ಲಿನಂತೆ ಇಳಿಯಿತು. ಅವಳು ಕೈ ಒರೆಸಿಕೊಂಡು ಬಾಗಿಲ ಹತ್ತಿರ ಹೋಗಿ, ಇದೇ ಮೊದಲ ಸಲ ಕೇಳಿಸಿಕೊಂಡವಳಂತೆ ಹೇಳಿದಳು:

"ಇಲ್ಲ ಕಂದ. ಮಾಡಿದ್ರೆ ಹೇಳ್ತೀನಿ."